ಬಡ್ಡಿಯ ಲೆಕ್ಕ, ಇತಿಹಾಸದ ಪಾಠ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಇತಿಹಾಸವೂ ಇದೆ, ಬ್ಯಾಂಕ್ ವ್ಯವಹಾರವೂ ಇದೆ. ಆದರೆ ಅವೆರಡೂ ಒಂದರ ಮುಖವನ್ನು ಇನ್ನೊಂದು ನೋಡುವುದಿಲ್ಲ. ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯ ಪಾಠ ಮುಗಿದು ತಿಂಗಳುಗಳಾದ ಮೇಲೆ ಉಳಿತಾಯ ಖಾತೆ, ಚಾಲ್ತಿ ಖಾತೆ, ಮುದ್ದತು ಠೇವಣಿಗಳ ಪಾಠ ಬರುತ್ತದೆ. ಅಷ್ಟೊತ್ತಿಗೆ ಮಕ್ಕಳು ರೈತವಾರಿಯನ್ನು ಜಾರಿಗೆ ತಂದ ಮನ್ರೋನನ್ನು ಒಂದು ಅಂಕದ ಪ್ರಶ್ನೆಯಾಗಿ ನೆನಪಿಟ್ಟುಕೊಂಡು ಉಳಿದದ್ದನ್ನೆಲ್ಲ ಮರೆತಿರುತ್ತಾರೆ. ಗದಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಈ ವಿಷಯ ಕಲಿಸುವ ನಾನು ಕೆಲವು ವರ್ಷಗಳಿಂದ ಇವೆರಡನ್ನೂ ಕೂಡಿಸಿಯೇ ಕಲಿಸುತ್ತಿದ್ದೇನೆ. ಪಠ್ಯವನ್ನು ಬದಲಿಸಿಲ್ಲ, ಪಾಠಗಳ ಅನುಕ್ರಮವನ್ನಷ್ಟೇ ಬದಲಿಸಿದ್ದೇನೆ. ಹಾಗೆ ಮಾಡುವುದಕ್ಕೆ ನನಗಿರುವ ಕಾರಣವನ್ನು ಇಲ್ಲಿ ವಿವರವಾಗಿ ಬರೆಯಬೇಕೆನಿಸಿದೆ.

ಹೈಸ್ಕೂಲು ಮಕ್ಕಳಿಗೆ ಹಣಕಾಸಿನ ತಿಳಿವಳಿಕೆ ಕೊಡಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಬ್ಯಾಂಕಿನವರು ಬಂದು ಶಿಬಿರ ನಡೆಸುತ್ತಾರೆ, ಹಾಳೆಗಳನ್ನು ಹಂಚುತ್ತಾರೆ. ಅವರು ಹೇಳುವ ಮಾತುಗಳಲ್ಲಿ ತಪ್ಪೇನೂ ಇರುವುದಿಲ್ಲ: ಗಳಿಸಿದ್ದರಲ್ಲಿ ಸ್ವಲ್ಪ ಉಳಿಸಿರಿ, ಬೇಕು ಎನ್ನುವುದಕ್ಕೂ ಬೇಕೇ ಬೇಕು ಎನ್ನುವುದಕ್ಕೂ ಇರುವ ಅಂತರ ತಿಳಿಯಿರಿ, ಹಾಸಿಗೆ ಇದ್ದಷ್ಟು ಕಾಲು ಚಾಚಿರಿ. ಆದರೆ ಆ ಮಾತನ್ನು ಕೇಳುತ್ತಿರುವ ಹುಡುಗಿಯ ಮನೆಯಲ್ಲಿ ಸೊಸೈಟಿಯ ಬೆಳೆಸಾಲವಿದೆ, ಅಡತಿ ಅಂಗಡಿಯಲ್ಲಿ ಉದ್ದರಿ ಇದೆ, ತಾಯಿಯ ಹೆಸರಿನಲ್ಲಿ ವಾರದ ಕಂತಿನ ಗುಂಪು ಸಾಲವೂ ಇದೆ. ಹಾಸಿಗೆ ಗಿಡ್ಡವಾದದ್ದು ಹೇಗೆ ಎಂಬುದನ್ನು ಯಾರೂ ವಿವರಿಸದೆ ಕಾಲು ಚಾಚಿದ್ದೇ ತಪ್ಪು ಎಂದು ಹೇಳಿದರೆ, ಆಕೆ ತನ್ನ ತಂದೆ ಬುದ್ಧಿಗೇಡಿ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಹದಿನೈದು ವರ್ಷದ ಮಗುವಿಗೆ ಶಾಲೆ ಕಲಿಸಬಾರದ ಪಾಠವೆಂದರೆ ಇದೇ ಎಂದು ನಾನು ತಿಳಿದಿದ್ದೇನೆ. ಸಾಲದಲ್ಲಿ ಮನೆಯ ಯಜಮಾನನ ಕೈಯಲ್ಲಿರುವ ಭಾಗ ಎಷ್ಟು, ಅವನ ಕೈಮೀರಿದ ಭಾಗ ಎಷ್ಟು ಎಂದು ಬಿಡಿಸಿ ನೋಡುವುದಕ್ಕೆ ಇತಿಹಾಸ ಬೇಕಾಗುತ್ತದೆ.

ಆದ್ದರಿಂದ ನಾನು ಪಾಠ ಆರಂಭಿಸುವುದು ಹೊಲದ ಉತಾರದಿಂದ. ಪಹಣಿ ಎಂದು ಸರಕಾರ ಕರೆಯುವ, ನಮ್ಮ ಕಡೆ ಎಲ್ಲರೂ ಉತಾರ ಎನ್ನುವ ಆ ಒಂದು ಹಾಳೆ ಹೆಚ್ಚು ಕಡಿಮೆ ಎಲ್ಲರ ಮನೆಯ ಟ್ರಂಕಿನಲ್ಲಿಯೂ ಇರುತ್ತದೆ. ಆದರೆ ಅದನ್ನು ಎಡದಿಂದ ಬಲಕ್ಕೆ ಪೂರ್ತಿಯಾಗಿ ಓದಿದ ಮಕ್ಕಳು ಸಿಗುವುದು ಅಪರೂಪ. ಹೆಸರು, ವಿವರಗಳನ್ನು ಅಳಿಸಿದ ಒಂದು ಪ್ರತಿಯನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿ ಗೋಡೆಗೆ ಹಚ್ಚುತ್ತೇನೆ. ಮೊದಲು ಸರ್ವೇ ನಂಬರು, ಹಿಸ್ಸಾ. ಆಮೇಲೆ ಎಕರೆ ಮತ್ತು ಗುಂಟೆಗಳಲ್ಲಿ ಕ್ಷೇತ್ರ, ಅದರಲ್ಲಿ ಕಳೆಯುವ, ಸಾಗುವಳಿಗೆ ಬಾರದ ಖರಾಬ. ಅದರ ಪಕ್ಕದಲ್ಲಿ ಕಂದಾಯದ ಕಾಲಂ: ಭೂಕಂದಾಯ, ಜೂಡಿ (ಇನಾಮು ಜಮೀನಿನ ಕಂದಾಯ), ಸೆಸ್ಸು, ನೀರಿನ ದರ. ಮುಂದೆ ಮಾಲಕರ ಹೆಸರು, ಆಮೇಲೆ ಹನ್ನೊಂದನೇ ಕಾಲಮ್ಮಿನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಬ್ಯಾಂಕಿನ ಹೆಸರು, ಸಾಲದ ಮೊತ್ತ ಬರುವುದು ಅಲ್ಲಿಯೇ. ಭೂಮಿ ಎಂಬ ಗಣಕೀಕೃತ ವ್ಯವಸ್ಥೆ ಬಂದ ಮೇಲೆ ಹಾಳೆಯ ರೂಪ ಅಚ್ಚುಕಟ್ಟಾಗಿದೆ, ಆದರೆ ಒಳಗಿನ ಮೂಳೆಗಟ್ಟು ನೂರೆಪ್ಪತ್ತು ವರ್ಷಗಳಿಗೂ ಹಳೆಯದು.

ಪೇಶ್ವೆಯ ಆಳ್ವಿಕೆ 1818ರಲ್ಲಿ ಕೊನೆಗೊಂಡು ಧಾರವಾಡ ಸೀಮೆ ಕಂಪನಿಯ ಕೈಗೆ ಬಂದ ಬಳಿಕ ಇಲ್ಲಿ ಜಮೀನುದಾರರನ್ನು ನಡುವೆ ನಿಲ್ಲಿಸದೆ ರೈತನಿಂದ ನೇರವಾಗಿ ಕಂದಾಯ ಪಡೆಯುವ ಪದ್ಧತಿ ನೆಲೆಗೊಂಡಿತು. ಮುಂಬಯಿ ಇಲಾಖೆಯಲ್ಲಿ (ಆಗಿನ ಮುಂಬಯಿ ಪ್ರಾಂತದಲ್ಲಿ) ಕಂಪನಿಯ ಅಧಿಕಾರಿಗಳಾದ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ರೂಪಿಸಿದ ಸರ್ವೇ 1840ರ ದಶಕದಲ್ಲಿ ನಮ್ಮ ಭಾಗಕ್ಕೂ ಬಂದು, ಪ್ರತಿ ಹೊಲಕ್ಕೆ ನಂಬರು ಕೊಟ್ಟು, ಮಣ್ಣಿನ ತರಗತಿ ನೋಡಿ, ಮೂವತ್ತು ವರ್ಷಗಳಿಗೆ ಆಕಾರ, ಅಂದರೆ ಕಂದಾಯದ ಮೊತ್ತ, ನಿಗದಿ ಮಾಡಿತು. ಮಳೆ ಆಗಲಿ ಬಿಡಲಿ, ಆಕಾರವನ್ನು ರೊಕ್ಕದಲ್ಲಿಯೇ, ಗೊತ್ತುಪಡಿಸಿದ ಕಂತಿನೊಳಗೆ ಕಟ್ಟಬೇಕು. ಇಲ್ಲಿ ನಾನು ಪಾಠವನ್ನು ನಿಲ್ಲಿಸಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಜೋಳ ಇನ್ನೂ ಕಣದಲ್ಲಿದೆ, ಕಂದಾಯದ ಕಂತು ಈ ವಾರ, ಆ ರೈತ ಏನು ಮಾಡಬೇಕು? ಉತ್ತರಕ್ಕೆ ಪುಸ್ತಕ ತೆರೆಯಬೇಕಾಗಿಲ್ಲ. ಸಾವಕಾರನ ಕಡೆ ಹೋಗಬೇಕು, ಇಲ್ಲವೇ ಬಂದ ದರಕ್ಕೆ ಮಾಲು ಮಾರಬೇಕು. ಸಾಲದ ಮೊದಲ ಕಾರಣ ದುಂದುಗಾರಿಕೆಯಲ್ಲ, ಆದಾಯ ಬರುವ ದಿನಕ್ಕೂ ಖರ್ಚು ಬರುವ ದಿನಕ್ಕೂ ನಡುವಿನ ಅಂತರ ಎಂಬುದು ಅವರಿಗೆ ಅಲ್ಲಿಯೇ ತಿಳಿಯುತ್ತದೆ. ಈ ಒಂದು ತಿಳಿವಳಿಕೆ ಬಂದರೆ ವೈಯಕ್ತಿಕ ಹಣಕಾಸಿನ ಅರ್ಧ ಪಾಠ ಮುಗಿದಂತೆ, ಏಕೆಂದರೆ ತುರ್ತುನಿಧಿ ಎಂದು ಇಂದು ನಾವು ಹೇಳುವುದು ಅದೇ ಅಂತರವನ್ನು ದಾಟಿಸುವ ಹಣವನ್ನು.

ಮಕ್ಕಳ ಸ್ವಂತ ಮನೆಯ ಸಾಲವನ್ನು ತರಗತಿಯಲ್ಲಿ ಮಾತಿಗೆ ತರಬಾರದು ಎಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಹಳ್ಳಿಯಲ್ಲಿ ಒಂದು ಬೆಂಚಿನ ಮೇಲೆ ಸಾಲ ಕೊಟ್ಟವರ ಮಗ, ಸಾಲ ಪಡೆದವರ ಮಗ ಇಬ್ಬರೂ ಕೂತಿರುತ್ತಾರೆ. ಆದ್ದರಿಂದ ನಾವು ಒಂದು ಮನೆತನವನ್ನು ಕಲ್ಪಿಸಿಕೊಂಡಿದ್ದೇವೆ. ಅವರಿಗೆ ಎರೆ ಭೂಮಿ ಇದೆ, ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಮತ್ತು ಕಡಲೆ, ಒಂದಿಷ್ಟು ಹತ್ತಿ. ಆ ಮನೆತನದ ಲೆಕ್ಕದ ವಹಿಯನ್ನು ಮಕ್ಕಳೇ ಬರೆಯುತ್ತಾರೆ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಆದರೆ ಒಂದೇ ವರ್ಷದ ವಹಿಯಲ್ಲ. 1862ರ ಪುಟ, 1905ರ ಪುಟ, 1957ರ ಪುಟ, 1980ರ ಪುಟ, 1991ರ ಪುಟ, 2016ರ ಪುಟ, ಮತ್ತು ಈ ವರ್ಷದ ಪುಟ. ಮೊದಲ ಪುಟಗಳಲ್ಲಿ ರೂಪಾಯಿ, ಆಣೆ, ಪೈ. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಈ ಮೂರು ಕಾಲಮ್ಮಿನ ಕೂಡಿಸುವ ಲೆಕ್ಕ ಮಾಡಿ ಬೇಸತ್ತ ಮಕ್ಕಳಿಗೆ 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಬಂದದ್ದು ಎಷ್ಟು ದೊಡ್ಡ ಬದಲಾವಣೆ ಎಂದು ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

1862ರ ಪುಟ ಎಲ್ಲಕ್ಕಿಂತ ಹೆಚ್ಚು ಚರ್ಚೆ ಎಬ್ಬಿಸುತ್ತದೆ. ಅಮೆರಿಕದಲ್ಲಿ 1861ರಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿದಾಗ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು, ಮತ್ತು ಭಾರತದ ಹತ್ತಿಗೆ ಹಿಂದೆಂದೂ ಕಾಣದ ದರ ಬಂದಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿಯ ಹತ್ತಿ ಬೆಳೆಸುವ ಪ್ರಯತ್ನ ನಡೆದಿತ್ತು. ಇಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಏರುತ್ತಿತ್ತು. ನಮ್ಮ ಕಲ್ಪಿತ ಮನೆತನ ಆ ವರ್ಷ ಜೋಳದ ಹೊಲಕ್ಕೂ ಹತ್ತಿ ಹಾಕಬೇಕೇ ಎಂದು ತೀರ್ಮಾನಿಸಬೇಕು. ಹಾಕಬೇಕು ಎನ್ನುವವರೇ ಬಹಳ. ದರ ಏರುತ್ತಿದೆ, ಸಾವಕಾರ ಮುಂಗಡ ಕೊಡಲು ತಾನೇ ಮುಂದೆ ಬರುತ್ತಿದ್ದಾನೆ, ಇನ್ನೇನು ಬೇಕು ಎಂಬುದು ಅವರ ವಾದ. ಆಮೇಲೆ ಪುಟ ತಿರುಗಿಸುತ್ತೇನೆ. 1865ರಲ್ಲಿ ಯುದ್ಧ ಮುಗಿಯುತ್ತದೆ, ದರ ಕುಸಿಯುತ್ತದೆ, ಮುಂಬಯಿಯ ಸಟ್ಟಾ ವ್ಯಾಪಾರ ಮುರಿದು ಬೀಳುತ್ತದೆ. ಸಾಲ ಮಾತ್ರ ಹಾಗೆಯೇ ಇರುತ್ತದೆ, ಮತ್ತು ಏರಿದ ದರ ನೋಡಿ ಕಂದಾಯ ಹೆಚ್ಚಿಸಬಹುದೆಂದು ಸರಕಾರ ಎಣಿಸಿರುತ್ತದೆ. ಹತ್ತು ವರ್ಷ ಕಳೆದು 1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಆ ದಂಗೆ ನಮ್ಮ ಜಿಲ್ಲೆಯಲ್ಲಿ ನಡೆದದ್ದಲ್ಲ, ಆದರೆ ನಾವು ಇದ್ದದ್ದು ಅದೇ ಮುಂಬಯಿ ಇಲಾಖೆಯಲ್ಲಿ. ಅದರ ಫಲವಾಗಿ ಬಂದ 1879ರ ದಖನ್ ರೈತರ ಪರಿಹಾರ ಕಾಯ್ದೆ ಮೊದಲು ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿತು; ಸಾಲಪತ್ರದಲ್ಲಿ ಬರೆದ ಮೊತ್ತವನ್ನೇ ನಂಬದೆ, ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಹಿಂದಕ್ಕೆ ಹೋಗಿ ಲೆಕ್ಕ ತೆಗೆಯುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ಕೊಟ್ಟಿತು.

ಈ ಹಂತದಲ್ಲಿ ಬಡ್ಡಿಯ ಲೆಕ್ಕ ಬರಲೇಬೇಕು, ಮತ್ತು ನಾನು ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೆ. ಗಣಿತದಲ್ಲಿ ಮಕ್ಕಳು ಸರಳ ಬಡ್ಡಿ, ಚಕ್ರಬಡ್ಡಿ ಎರಡನ್ನೂ ಮಾಡಿರುತ್ತಾರೆ. ಆದರೆ ಊರಲ್ಲಿ ಬಡ್ಡಿಯನ್ನು ಹೇಳುವ ರೀತಿಯೇ ಬೇರೆ. ‘ನೂರಕ್ಕ ಮೂರು’ ಎಂದರೆ ತಿಂಗಳಿಗೆ ನೂರು ರೂಪಾಯಿಗೆ ಮೂರು ರೂಪಾಯಿ. ಕೇಳುವುದಕ್ಕೆ ಬ್ಯಾಂಕಿನ ಶೇಕಡಾ 10, 12ಕ್ಕಿಂತ ಕಡಿಮೆ ಇದ್ದಂತೆ ಕಿವಿಗೆ ಬೀಳುತ್ತದೆ. ವರ್ಷಕ್ಕೆ ಅದು ಶೇಕಡಾ 36. ಕಟ್ಟದೆ ಬಿಟ್ಟು ಬಡ್ಡಿಗೆ ಬಡ್ಡಿ ಸೇರುತ್ತ ಹೋದರೆ 24 ತಿಂಗಳಲ್ಲಿ ಸಾಲ ಎರಡು ಪಟ್ಟಾಗುತ್ತದೆ. ಇದನ್ನು ಸೂತ್ರದಿಂದ ಮಾಡಿಸುವುದಿಲ್ಲ. ಹತ್ತು ಸಾವಿರದಿಂದ ಆರಂಭಿಸಿ ತಿಂಗಳು ತಿಂಗಳಿಗೆ ಒಂದು ಸಾಲಿನಂತೆ ಮಕ್ಕಳೇ ಬರೆಯುತ್ತಾರೆ: 10,300, ಆಮೇಲೆ 10,609, ಆಮೇಲೆ 10,927. ಮೊದಲ ಆರು ತಿಂಗಳು ಯಾರಿಗೂ ಏನೂ ಅನಿಸುವುದಿಲ್ಲ. ವರ್ಷ ದಾಟುವಾಗ ಒಬ್ಬಿಬ್ಬರು ತಲೆ ಎತ್ತಿ ನೋಡುತ್ತಾರೆ. ಇಪ್ಪತ್ನಾಲ್ಕನೇ ಸಾಲಿನಲ್ಲಿ 20,000 ದಾಟಿದಾಗ, ತಮ್ಮ ಲೆಕ್ಕ ತಪ್ಪಿದೆ ಎಂದುಕೊಂಡು ಮತ್ತೆ ಮೊದಲಿನಿಂದ ಮಾಡುವವರೂ ಇದ್ದಾರೆ. ಬಡ್ಡಿ ಅಸಲಿಗಿಂತ ಹೆಚ್ಚಾಗಬಾರದು ಎಂಬ ದಾಮದುಪ್ಪಟ್ಟಿನ ನಿಯಮವನ್ನು ನಮ್ಮ ಹಿಂದಿನವರು ಏಕೆ ಇಟ್ಟುಕೊಂಡಿದ್ದರು, ಮುಂಬಯಿಯ ನ್ಯಾಯಾಲಯಗಳು ಅದನ್ನು ಏಕೆ ಮಾನ್ಯ ಮಾಡುತ್ತಿದ್ದವು ಎಂದು ಆಗ ಹೇಳಿದರೆ ಅದು ಅವರಿಗೆ ಹಳೆಯ ಧರ್ಮಶಾಸ್ತ್ರದ ಮಾತಾಗಿ ಕೇಳುವುದಿಲ್ಲ. ಇಪ್ಪತ್ನಾಲ್ಕನೇ ಸಾಲಿನಲ್ಲಿ ಯಾರಾದರೂ ಬಂದು ಕೈ ಹಿಡಿದು ನಿಲ್ಲಿಸಿದಂತೆ ಕೇಳುತ್ತದೆ.

ಎರಡನೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಐವತ್ತು ಸಾವಿರ ರೂಪಾಯಿ ಸಾಲ, ಎರಡು ವರ್ಷ, ಫ್ಲ್ಯಾಟ್ ಬಡ್ಡಿ ಶೇಕಡಾ 14. ಬಡ್ಡಿ ಒಟ್ಟು 14,000, ಸೇರಿಸಿದರೆ 64,000, ಅದನ್ನು 24 ಕಂತಿಗೆ ಭಾಗಿಸಿದರೆ ತಿಂಗಳಿಗೆ ಸುಮಾರು 2,667. ಇದರಲ್ಲಿ ಮೋಸ ಎಲ್ಲಿದೆ ಎಂದು ಮಕ್ಕಳು ಕೇಳುತ್ತಾರೆ. ಮೋಸ ಎನ್ನುವುದಕ್ಕಿಂತ ಅಡಗಿರುವ ಸಂಗತಿ ಎನ್ನುವುದು ಸರಿ. ಪ್ರತಿ ಕಂತಿನಲ್ಲಿ ಅಸಲೂ ಸ್ವಲ್ಪ ಸ್ವಲ್ಪ ತೀರುತ್ತ ಬರುತ್ತದೆ. ಕೊನೆಯ ತಿಂಗಳುಗಳಲ್ಲಿ ಸಾಲಗಾರನ ಕೈಯಲ್ಲಿ ಉಳಿದಿರುವ ಸಾಲ ಕೆಲವೇ ಸಾವಿರ, ಆದರೆ ಬಡ್ಡಿ ಕಟ್ಟುತ್ತಿರುವುದು ಪೂರ್ತಿ ಐವತ್ತು ಸಾವಿರಕ್ಕೆ. ಉಳಿಕೆಯ ಮೇಲೆ ಲೆಕ್ಕ ಹಾಕುವ ಬ್ಯಾಂಕಿನ ಪದ್ಧತಿಯಲ್ಲಿ ಇದೇ ಕಂತನ್ನು ನೋಡಿದರೆ ಬಡ್ಡಿ ವರ್ಷಕ್ಕೆ ಸುಮಾರು ಶೇಕಡಾ 25 ಆಗುತ್ತದೆ. ಮೋಟಾರ್ ಸೈಕಲ್ಲಿಗೆ, ಮೊಬೈಲಿಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೊಡುವವರನ್ನು ‘ಬಡ್ಡಿ ಫ್ಲ್ಯಾಟೋ, ಉಳಿಕೆಯ ಮೇಲೋ’ ಎಂದು ಕೇಳುವ ಒಂದೇ ಪ್ರಶ್ನೆಯನ್ನು ಕಲಿತು ಹೋದರೂ ಆ ಮಗು ನನ್ನ ತರಗತಿಯಿಂದ ಬರಿಗೈಯಲ್ಲಿ ಹೋಗಲಿಲ್ಲ ಎಂದು ತಿಳಿಯುತ್ತೇನೆ.

1905ರ ಪುಟ ನಮ್ಮ ಜಿಲ್ಲೆಯದೇ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದಾಳಾಗಿ ನಿಂತು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘ ದೇಶದಲ್ಲಿಯೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಇದನ್ನು ಹೆಮ್ಮೆಯ ಸಂಗತಿಯಾಗಿ ಎಲ್ಲ ಮಕ್ಕಳೂ ಬಲ್ಲರು. ಸಾಮಾನ್ಯ ಜ್ಞಾನದ ಸ್ಪರ್ಧೆಯಲ್ಲಿ ಕೈ ಎತ್ತಿ ಉತ್ತರ ಹೇಳುತ್ತಾರೆ. ಆ ಸಂಘ ಹೇಗೆ ನಡೆಯುತ್ತಿತ್ತು ಎಂದು ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜರ್ಮನಿಯ ರೈಫೈಸನ್ ಕಟ್ಟಿದ ಗ್ರಾಮೀಣ ಸಂಘಗಳ ಮಾದರಿಯನ್ನು ಅನುಸರಿಸಿತ್ತು. ಅದರ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರೆಲ್ಲರೂ ತಮ್ಮ ಆಸ್ತಿಯಿಂದ ಜವಾಬ್ದಾರರು. ಅಂದರೆ ಜಾಮೀನು ಎಂದು ಇಡಲು ಏನೂ ಇಲ್ಲದವನಿಗೆ ನೆರೆಹೊರೆಯವರ ನಂಬಿಕೆಯೇ ಜಾಮೀನು.

ಇಲ್ಲಿಗೆ ಬಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು, “ಸರ್, ಇದು ನಮ್ಮ ಓಣ್ಯಾಗಿನ ಸಂಘದ ಸಾಲ ಇದ್ದಂಗ ಐತಲ್ರಿ, ಒಬ್ಬಾಕಿ ಕಟ್ಟಲಿಲ್ಲಂದ್ರ ಉಳಿದಾವ್ರು ಕಟ್ಟಬೇಕ್ರಿ” ಎಂದಳು. ಅವಳು ಹೇಳಿದ್ದು ಮೈಕ್ರೋಫೈನಾನ್ಸಿನ ಗುಂಪು ಸಾಲವನ್ನು. ನಾನು ಹೇಳಿಕೊಡದೆಯೇ ಆಕೆ ಸೇರಿಸಿದ ಕೊಂಡಿ ಅದು, ಮತ್ತು ನೂರಕ್ಕೆ ನೂರು ಸರಿಯಾದದ್ದು: ಒಬ್ಬರಿಗೆ ಇನ್ನೊಬ್ಬರು ಹೊಣೆ ಎಂಬ ಒಂದೇ ಯುಕ್ತಿ ಎರಡರಲ್ಲಿಯೂ ಕೆಲಸ ಮಾಡುತ್ತದೆ. ಹಾಗಾದರೆ ಒಂದನ್ನು ನಾವು ಹೆಮ್ಮೆಯಿಂದ ನೆನೆಯುವುದೇಕೆ, ಇನ್ನೊಂದರ ವಸೂಲಿಯ ಬಲವಂತವನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದದ್ದೇಕೆ ಎಂದು ಮಕ್ಕಳನ್ನೇ ಕೇಳಿದೆ. ಅವರು ತಮ್ಮೊಳಗೆ ವಾದಿಸಿ ಕಂಡುಕೊಂಡ ವ್ಯತ್ಯಾಸಗಳು ಯಾವ ಪಠ್ಯದಲ್ಲಿಯೂ ಇಲ್ಲ. ಸಂಘದಲ್ಲಿ ಬಡ್ಡಿ ಎಷ್ಟೆಂದು ನಿರ್ಣಯಿಸುವವರೂ ಅದನ್ನು ಕಟ್ಟುವವರೂ ಒಂದೇ ಊರಿನ ಅದೇ ಜನ; ಲಾಭ ಉಳಿದರೆ ಅದು ಊರಲ್ಲಿಯೇ ಉಳಿಯುತ್ತದೆ; ಮಳೆ ಹೋದ ವರ್ಷ ಮುದ್ದತು ಮುಂದಕ್ಕೆ ಹಾಕಿರಿ ಎಂದು ಕೇಳುವುದಕ್ಕೆ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ವಾರದ ಕಂತಿನ ಸಾಲದಲ್ಲಿ ಹೊಣೆ ಮಾತ್ರ ಓಣಿಯದು, ನಿರ್ಣಯ ದೂರದ ಆಫೀಸಿನದು.

ಸಹಕಾರದ ಕಥೆಯನ್ನು ವಿಜಯದ ಕಥೆಯಾಗಿಯೇ ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಕಣಗಿನಹಾಳದ ನಂತರ ಅರ್ಧ ಶತಮಾನ ಕಳೆಯುತ್ತ ಬಂದಾಗ, 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಕಂಡುಕೊಂಡದ್ದೇನೆಂದರೆ, ರೈತರ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಸುಮಾರು ಶೇಕಡಾ 3 ಮಾತ್ರ. ಶೇಕಡಾ 70ರ ಹತ್ತಿರ ಸಾವಕಾರರಿಂದಲೇ ಬಂದಿತ್ತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾದದ್ದನ್ನು ಈ ಅಂಕಿಯ ಎದುರಿಗೆ ಇಟ್ಟು ಓದಿದರೆ ಮಾತ್ರ ಅದರ ಉದ್ದೇಶ ಸ್ಪಷ್ಟವಾಗುತ್ತದೆ.

1980ರ ಪುಟಕ್ಕೆ ಬರುವ ಮುಂಚೆ ಉತಾರದ ‘ನೀರಿನ ದರ’ದ ಕಾಲಮ್ಮನ್ನು ಮತ್ತೊಮ್ಮೆ ತೋರಿಸುತ್ತೇನೆ. ನರಗುಂದ ಎಂದರೆ ಪಠ್ಯದಲ್ಲಿ 1858. ಮಕ್ಕಳಿಲ್ಲದ ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರಿಗೆ ದತ್ತು ಸ್ವೀಕಾರದ ಹಕ್ಕನ್ನು ಕಂಪನಿ ನಿರಾಕರಿಸಿದ್ದು, ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನ ಹತ್ಯೆ, ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದ್ದು. ಇವನ್ನೆಲ್ಲ ಮಕ್ಕಳು ಉತ್ಸಾಹದಿಂದ ಓದುತ್ತಾರೆ. ಅದೇ ಊರಿನ 1980ರ ಜುಲೈ 21 ಅವರ ಅಜ್ಜಂದಿರ ಬಾಯಲ್ಲಿದೆಯೇ ಹೊರತು ಪುಸ್ತಕದ ಪುಟದಲ್ಲಿ ಅಷ್ಟಾಗಿ ಇಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ಕಾಲುವೆ ತೋಡಿದ ಮೇಲೆ, ನೀರಾವರಿಯಿಂದ ಹೊಲದ ಬೆಲೆ ಹೆಚ್ಚಿತೆಂದು ಸರಕಾರ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಹಾಕಿತು. ನೀರಿನ ಕರ ಬೇರೆ. ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿ ಹತ್ತಿಯನ್ನು ರೈತರು ಗೊಬ್ಬರ, ಔಷಧಿಗಳಿಗೆ ಸಾಲ ಮಾಡಿ ಬೆಳೆದಿದ್ದರು, ಅದರ ದರವೂ ಕುಸಿದಿತ್ತು. ನೀರು ಬಾರದ ಹೊಲಕ್ಕೂ ಕರ ಬಂದಿದೆ ಎಂಬುದು ರೈತರ ಮುಖ್ಯ ದೂರಾಗಿತ್ತು. ನರಗುಂದ, ನವಲಗುಂದಗಳಲ್ಲಿ ಚಳವಳಿ, ಗೋಲಿಬಾರ್, ಸಾವುಗಳು; ಆಮೇಲೆ ರಾಜ್ಯವನ್ನೇ ವ್ಯಾಪಿಸಿದ ರೈತ ಸಂಘಟನೆ.

ಈ ಪುಟವನ್ನು ಬರೆಯುವಾಗ ಮಕ್ಕಳು ಒಂದು ಪ್ರಶ್ನೆಗೆ ಸಿಲುಕಿಕೊಳ್ಳುತ್ತಾರೆ, ಮತ್ತು ನಾನು ಅವರನ್ನು ಅಲ್ಲಿಂದ ಬೇಗ ಬಿಡಿಸುವುದಿಲ್ಲ. ಹೊಲದ ಬೆಲೆ ಹೆಚ್ಚಿತು ಎಂದರೆ ಆ ಮನೆತನ ಶ್ರೀಮಂತವಾಯಿತೇ? ವಹಿಯ ಜಮಾ ಬದಿಯಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿಲ್ಲ. ಹೊಲವನ್ನು ಮಾರಿದರೆ ಹಣ ಬರುತ್ತದೆ ನಿಜ, ಆದರೆ ಮಾರಿದ ಮೇಲೆ ಹೊಲವಿಲ್ಲ. ಆಸ್ತಿ ಬೇರೆ, ಆದಾಯ ಬೇರೆ, ಕೈಯಲ್ಲಿ ಆಡುವ ರೊಕ್ಕ ಇನ್ನೂ ಬೇರೆ ಎಂಬ ಭೇದ ಹಣಕಾಸಿನ ವಿದ್ಯೆಯ ತಿರುಳು. ಅದನ್ನು ಶಿಬಿರದ ಹಾಳೆಯಲ್ಲಿ ಓದಿದರೆ ಮರೆತುಹೋಗುತ್ತದೆ. ಕಾಲುವೆಯ ಬಾಯಿ ತಲುಪದ ಹೊಲದ ಯಜಮಾನನಾಗಿ ಕೂತು, ನೋಟೀಸಿಗೆ ಉತ್ತರ ಬರೆದು ನೋಡಿದ ಮಗು ಮರೆಯುವುದಿಲ್ಲ. ಹಾಗೆ ಉತ್ತರ ಬರೆಯುವ ಕೆಲಸ ಕೊಡುತ್ತೇನೆ. ಅರ್ಧ ತರಗತಿ ರೈತರ ಪರ ಅರ್ಜಿ ಬರೆಯಬೇಕು, ಇನ್ನರ್ಧ ಅಣೆಕಟ್ಟಿಗೆ ಹಾಕಿದ ಹಣ ಎಲ್ಲಿಂದ ಹಿಂದಿರುಗಬೇಕು ಎಂದು ಸರಕಾರದ ಪರ ಬರೆಯಬೇಕು. ಎರಡನೆಯವರ ಕೆಲಸ ಕಷ್ಟದ್ದು, ಆದರೆ ಅದೂ ಬರೆಯಲೇಬೇಕಾದದ್ದು.

ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಪಾಠದಲ್ಲಿಯೂ ಇಂಥದೇ ಒಂದು ಗಟ್ಟಿಯಾದ ಪ್ರಶ್ನೆ ಹುಟ್ಟುತ್ತದೆ. 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಗೆ ನಡೆದ ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರಕಾರ ವಸೂಲು ಮಾಡಿಟ್ಟ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಗುಂಡಿಗೆ ಬಲಿಯಾದರು. ಅವರೊಂದಿಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಪ್ರಾಣ ಕೊಟ್ಟರು. “ಅದು ಸರಕಾರದ ರೊಕ್ಕ ಅಲ್ಲೇನ್ರಿ ಸರ್, ತಗೊಂಡ್ರ ಕಳವು ಆಗೂದಿಲ್ಲೇನ್ರಿ?” ಎಂದು ಒಬ್ಬ ಹುಡುಗ ಕೇಳಿದ. ಅವನನ್ನು ನಾನು ಗದರಿಸಲಿಲ್ಲ. ಆ ರೊಕ್ಕ ಯಾರ ಹೊಲದಿಂದ ಬಂತು, ಯಾರ ಒಪ್ಪಿಗೆಯಿಂದ ಬಂತು, ಅದು ಖರ್ಚಾಗುತ್ತಿದ್ದದ್ದು ಯಾವುದಕ್ಕೆ, ಅದರ ಲೆಕ್ಕ ಕೇಳುವ ಹಕ್ಕು ಕೊಟ್ಟವನಿಗೆ ಇತ್ತೇ ಎಂದು ಒಂದೊಂದಾಗಿ ಹಲಗೆಯ ಮೇಲೆ ಬರೆಯುತ್ತ ಹೋದೆವು. ಇಂದು ನಾವು ಕೊಡುವ ತೆರಿಗೆಯ ಬಗ್ಗೆ ಇದೇ ನಾಲ್ಕು ಪ್ರಶ್ನೆ ಕೇಳಿದರೆ ಉತ್ತರ ಎಲ್ಲಿ ಸಿಗುತ್ತದೆ ಎಂದು ಅವನೇ ಮುಂದುವರಿಸಿದ. ಗ್ರಾಮ ಪಂಚಾಯಿತಿಯ ಆಯವ್ಯಯ ಪತ್ರವನ್ನು ತರಗತಿಗೆ ತಂದದ್ದು ಆ ಪ್ರಶ್ನೆಯಿಂದಾಗಿ.

ಉಳಿತಾಯದ ಪಾಠಕ್ಕೆ ನಮ್ಮ ಕಡೆ ಪಿಗ್ಮಿಗಿಂತ ಒಳ್ಳೆಯ ದಾರಿ ಇಲ್ಲ, ಏಕೆಂದರೆ ಸಂಜೆ ಅಂಗಡಿ ಅಂಗಡಿಗೆ ಬರುವ ಪಿಗ್ಮಿ ಏಜೆಂಟರನ್ನು ಕಾಣದ ಮಕ್ಕಳಿಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸುತ್ತ ಆರಂಭಿಸಿದ ಈ ಪದ್ಧತಿ, ತಿಂಗಳ ಸಂಬಳ ಇಲ್ಲದವರೂ ಉಳಿಸಬಹುದು ಎಂದು ತೋರಿಸಿಕೊಟ್ಟಿತು. ಜೊತೆಗೆ ಒಂದು ಎಚ್ಚರವನ್ನೂ ಹೇಳುತ್ತೇನೆ, ಇದನ್ನು ದೊಡ್ಡವರೂ ಗಮನಿಸಬೇಕು. ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಮುಳುಗಿದ ಮೇಲೆ 1962ರ ಜನವರಿ 1ರಿಂದ ದೇಶದಲ್ಲಿ ಠೇವಣಿ ವಿಮೆ ಬಂದಿತು. ಆಗ ಒಬ್ಬ ಠೇವಣಿದಾರನಿಗೆ 1,500 ರೂಪಾಯಿವರೆಗೆ ಇದ್ದ ರಕ್ಷಣೆ 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿ ಆಗಿದೆ. ಈ ವಿಮೆ ಸಹಕಾರಿ ಬ್ಯಾಂಕುಗಳಿಗೆ ಇದೆ, ಆದರೆ ಬ್ಯಾಂಕ್ ಅಲ್ಲದ ಪತ್ತಿನ ಸಹಕಾರಿ ಸಂಘಗಳಿಗೆ ಇಲ್ಲ. ಫಲಕದ ಮೇಲಿನ ಹೆಸರು ಎರಡಕ್ಕೂ ಒಂದೇ ಬಗೆಯಾಗಿ ಕಾಣುತ್ತದೆ. ಹೆಚ್ಚು ಬಡ್ಡಿ ಕೊಡುತ್ತಾರೆಂದು ಮಗಳ ಮದುವೆಯ ಹಣವನ್ನೆಲ್ಲ ಒಂದೇ ಕಡೆ ಇಡುವ ಮುನ್ನ ‘ಇಲ್ಲಿ ಠೇವಣಿ ವಿಮೆ ಇದೆಯೇ’ ಎಂದು ಕೇಳಬೇಕು. ಎಲ್ಲರೂ ಹಣ ಹಾಕಿ ಸರದಿಯಂತೆ ಒಬ್ಬೊಬ್ಬರು ಒಟ್ಟು ಮೊತ್ತ ಎತ್ತುವ ಹೆಣ್ಣುಮಕ್ಕಳ ಭಿಶಿ ಗುಂಪಿನ ಬಗ್ಗೆಯೂ ಒಂದು ತಾಸು ಮಾತಾಡುತ್ತೇವೆ. ಅದರಲ್ಲಿ ಮೊದಲು ಹಣ ಎತ್ತಿದವರು ಸಾಲಗಾರರು, ಕೊನೆಗೆ ಎತ್ತಿದವರು ಉಳಿತಾಯಗಾರರು ಎಂದು ಲೆಕ್ಕ ಮಾಡಿ ಕಂಡುಕೊಂಡಾಗ ಮಕ್ಕಳಿಗೆ ತಾಯಂದಿರ ಜಾಣತನದ ಬಗ್ಗೆ ಗೌರವ ಹೆಚ್ಚುತ್ತದೆ.

ಬಂಗಾರದ ಸಾಲವನ್ನು 1991ರ ಪುಟಕ್ಕೆ ಜೋಡಿಸಿದ್ದೇನೆ. ವಿದೇಶಿ ವಿನಿಮಯದ ಶಿಲ್ಕು ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟಕ್ಕೆ ಇಳಿದಾಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಒತ್ತೆ ಇಟ್ಟು ಹಣ ತಂದಿತು. ಬಿತ್ತನೆಗೆ ಮುಂಚೆ ತಾಯಿಯ ಸರ ಗಿರವಿ ಇಡುವುದು ನಾಚಿಕೆಯ ಸಂಗತಿ ಎಂದುಕೊಂಡಿದ್ದ ಮಕ್ಕಳು ದೇಶವೂ ಅದನ್ನೇ ಮಾಡಿತ್ತು ಎಂದು ಕೇಳಿ ಆಶ್ಚರ್ಯಪಡುತ್ತಾರೆ. ಒತ್ತೆ ಇಟ್ಟದ್ದನ್ನು ಬಿಡಿಸಿಕೊಳ್ಳುವ ದಾರಿ ಮೊದಲೇ ಗೊತ್ತಿತ್ತೇ ಎಂಬುದೇ ಮುಖ್ಯ ಪ್ರಶ್ನೆ ಎಂದು ಆಗ ಹೇಳಿಕೊಡಬಹುದು.

ಫೋನಿನ ವಿಷಯಕ್ಕೆ ಬಂದರೆ, ನಾನು ಹೇಳುವುದು ಸ್ವಲ್ಪ, ಆದರೆ ಖಡಾಖಂಡಿತವಾಗಿ ಹೇಳುತ್ತೇನೆ. ವಿದ್ಯಾರ್ಥಿವೇತನಕ್ಕಾಗಿ ತೆರೆದ ಖಾತೆಯನ್ನು, ಅದರ ಎಟಿಎಂ ಕಾರ್ಡನ್ನು, ಸಿಮ್ಮನ್ನು ನಾಲ್ಕು ಸಾವಿರ ರೂಪಾಯಿ ಆಸೆಗೆ ಯಾರಿಗೂ ಬಳಸಲು ಕೊಡಬಾರದು. ಮೋಸದ ಹಣ ಆ ಖಾತೆಯ ಮೂಲಕ ಹಾದುಹೋದರೆ ಪೊಲೀಸರು ಬರುವುದು ಖಾತೆದಾರನ ಮನೆಗೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಹೆಚ್ಚಿನದನ್ನು ನೆಗಳೂರು, ಬ್ಯಾಡಗಿ, ಗದಗ ಎಲ್ಲ ಕಡೆಯ ದೊಡ್ಡ ಹುಡುಗರ ಅನುಭವವನ್ನು ಕೇಳಿಯೇ ಮಕ್ಕಳು ಬಲ್ಲರು.

ಇದೆಲ್ಲ ಎಸ್ಎಸ್ಎಲ್‌ಸಿ ಪರೀಕ್ಷೆಗೆ ಬರುತ್ತದೆಯೇ ಎಂದು ಪಾಲಕರ ಸಭೆಯಲ್ಲಿ ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ರೈತವಾರಿ ಪದ್ಧತಿ, ನರಗುಂದದ ದಂಗೆ, ಬ್ಯಾಂಕ್ ಖಾತೆಗಳ ವಿಧಗಳು ಇವು ಪರೀಕ್ಷೆಗೆ ಬರುತ್ತವೆ, ಮತ್ತು ವಹಿ ಬರೆದ ಮಕ್ಕಳು ಅವಕ್ಕೆ ಕಂಠಪಾಠವಿಲ್ಲದೆ ಉತ್ತರ ಬರೆಯುತ್ತಾರೆ ಎಂದು ಅವರಿಗೆ ಹೇಳುತ್ತೇನೆ. ಉಳಿದದ್ದು ಪರೀಕ್ಷೆಗೆ ಬರುವುದಿಲ್ಲ. ಆದರೂ ಅದಕ್ಕೆ ವಾರಕ್ಕೊಂದು ಅವಧಿ ಕೊಡಬೇಕೆಂದು ನಮ್ಮ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೆ, ಅವರು ಒಪ್ಪಿದ್ದಾರೆ. ಬರುವ ಜೂನಿನಿಂದ ಒಂಬತ್ತನೇ ತರಗತಿಯವರೂ ವಹಿ ಬರೆಯಲಿದ್ದಾರೆ. ಅವರಿಗಾಗಿ 1876-78ರ ಬರಗಾಲದ ಒಂದು ಹೊಸ ಪುಟ ಸೇರಿಸುತ್ತಿದ್ದೇನೆ; ಅದಕ್ಕೆ ಜೋಳದ ಆಗಿನ ಧಾರಣೆ ಬೇಕಾಗಿದೆ. ಹುಬ್ಬಳ್ಳಿ, ಗದಗ ಕಡೆಯ ಹಳೆಯ ಅಡತಿ ಮನೆತನಗಳಲ್ಲಿ ಆ ಕಾಲದ ಲೆಕ್ಕದ ವಹಿಗಳಾದ ಕೀರ್ದಿ, ಖತಾವಣಿಗಳು ಉಳಿದಿದ್ದರೆ ನೋಡಲು ಅವಕಾಶ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಪುಟಗಳ ಫೋಟೋ ತೆಗೆದುಕೊಂಡು ವಹಿಗಳನ್ನು ಅಲ್ಲಿಯೇ ಹಿಂದಿರುಗಿಸುತ್ತೇನೆ, ಸಾಲಗಾರರ ಹೆಸರುಗಳನ್ನು ಮಕ್ಕಳಿಗೆ ತೋರಿಸುವುದಿಲ್ಲ.